ಮರೆಯಲ್ಲಿದ್ದ ಫೈಲು

ಡೊಂಬಿವಲಿಯ ಆ ಎರಡು ಕೋಣೆಯ ಮನೆಗೆ 1995ರಲ್ಲಿ ಬಂದದ್ದು ಸೆಕೆಂಡ್ ಹ್ಯಾಂಡ್ 486 ಕಂಪ್ಯೂಟರ್. ಹಾರ್ಡ್ ಡಿಸ್ಕು 120 ಎಂಬಿ. ಉಡುಪಿ ಕಡೆಯ ಅಪ್ಪ, ಫೋರ್ಟಿನ ಕಚೇರಿಯಲ್ಲಿ ಗುಮಾಸ್ತರು. ರಾತ್ರಿ ಲೋಕಲ್ ಇಳಿದು ಬಂದು, ಕೆ.ಪಿ. ರಾವ್ ಅವರ 'ಸೇಡಿಯಾಪು' ತಂತ್ರಾಂಶದಲ್ಲಿ ಊರಿನ ನೆನಪುಗಳನ್ನು ಬರೆಯುತ್ತಿದ್ದರು. ಮಗನಿಗೆ ಬೇಕಾದದ್ದು ಆಟಗಳು. ಜಾಗ ಸಾಲಲಿಲ್ಲ. ಹೊಸ ಡಿಸ್ಕಿನ ಬೆಲೆ ಕೇಳಿದ ಮೇಲೆ ಡಬಲ್‌ಸ್ಪೇಸ್ ಹಾಕಿಸಿದರು.

ಡಬಲ್‌ಸ್ಪೇಸ್ 1993ರಲ್ಲಿ ಎಂಎಸ್-ಡಾಸ್ 6.0 ಜೊತೆ ಬಂತು. (ಅದು ಸ್ಟ್ಯಾಕ್ ಕಂಪನಿಯ ಪೇಟೆಂಟ್ ಉಲ್ಲಂಘಿಸಿದೆಯೆಂದು ಮರುವರ್ಷ ಅಮೆರಿಕದ ಜ್ಯೂರಿ ಮೈಕ್ರೋಸಾಫ್ಟಿಗೆ 12 ಕೋಟಿ ಡಾಲರ್ ಹೊರಿಸಿತು. ಆ ಜಗಳ ಡೊಂಬಿವಲಿಗೆ ಮುಟ್ಟಲಿಲ್ಲ.) ಡಿಸ್ಕಿನಲ್ಲಿದ್ದುದನ್ನೆಲ್ಲ ಅಮುಕಿ 'ಡಿಬಿಎಲ್‌ಸ್ಪೇಸ್.000' ಎಂಬ ಒಂದೇ ಗುಪ್ತ ಫೈಲಿನೊಳಗೆ ತುಂಬುವುದು ಅದರ ಕೆಲಸ. ಕಣ್ಣಿಗೆ ಕಾಣುವ ಸಿ ಡ್ರೈವ್ ಆ ಫೈಲಿನ ಹೊಟ್ಟೆ. ಖಾಲಿ ಎಂದು ತೋರಿಸುವ ಅಂಕಿ ಬರೀ ಅಂದಾಜು, ಎಲ್ಲವೂ ಅರ್ಧಕ್ಕೆ ತಗ್ಗುತ್ತದೆಂಬ ಲೆಕ್ಕ. ಬರಹ ಹತ್ತಿಯ ಹಾಗೆ, ಅಮುಕಿದರೆ ತಗ್ಗುತ್ತದೆ. ಮೊದಲೇ ಜಿಪ್ ಮಾಡಿದ ಆಟ ತಗ್ಗುವುದಿಲ್ಲ. ಹಾಗಾಗಿ 30 ಎಂಬಿ ಖಾಲಿಯಿದೆ ಎಂದ ಡಿಸ್ಕು 15ಕ್ಕೇ ತುಂಬುತ್ತಿತ್ತು.

ಒಂದು ಭಾನುವಾರ ಮಗ ಗೆಳೆಯನ ಡಾಸ್ 5 ಫ್ಲಾಪಿಯಿಂದ ಕಂಪ್ಯೂಟರ್ ಶುರು ಮಾಡಿದ. ಡಬಲ್‌ಸ್ಪೇಸ್ ಎಂದರೇನೆಂದು ಡಾಸ್ 5ಕ್ಕೆ ಗೊತ್ತಿಲ್ಲ. ಅಪ್ಪನ ಬರಹವಿಲ್ಲ, ಆಟಗಳಿಲ್ಲ, ಇದ್ದದ್ದು ಹೆಸರೇ ಅರ್ಥವಾಗದ ಒಂದು ದೈತ್ಯ ಫೈಲು. 'ಆಟ್ರಿಬ್' ಕೊಟ್ಟು ರಕ್ಷಣೆ ತೆಗೆದ, ಅಳಿಸಿದ. ಫ್ಲಾಪಿ ತೆಗೆದು ಮತ್ತೆ ಶುರು ಮಾಡಿದರೆ ಏನೂ ಇಲ್ಲ.

ಸಂಜೆ ಕಲ್ಯಾಣದಿಂದ ರಿಪೇರಿಯ ಹುಡುಗ ಬಂದ. ಪರದೆ ನೋಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಳಿಸಿದ ಮೇಲೆ ಏನಾದ್ರೂ ಕಾಪಿ ಮಾಡಿದ್ಯಾ?"

"ಇಲ್ಲಣ್ಣ. ಹೆದರಿ ಆಫ್ ಮಾಡಿಬಿಟ್ಟೆ."

ಆ ಹೆದರಿಕೆಯೇ ಕಾಪಾಡಿತ್ತು. ಅಳಿಸುವಾಗ ಡಾಸ್ ಹೆಸರಿನ ಮೊದಲ ಅಕ್ಷರ ಕೆಡಿಸಿ, ಆ ಜಾಗ ಖಾಲಿ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೆ. ಒಳಗಿನದು ಬೇರೇನಾದರೂ ಮೇಲೆ ಬೀಳುವವರೆಗೆ ಹಾಗೇ ಇರುತ್ತದೆ. ಫೈಲು ತುಂಡಾಗದೆ ಒಂದೇ ಸಾಲಿನಲ್ಲಿದ್ದದ್ದು ಅದೃಷ್ಟ. ಹುಡುಗ 'ಅನ್‌ಡಿಲೀಟ್' ಓಡಿಸಿದ. ಮೊದಲ ಅಕ್ಷರ ಯಾವುದೆಂದು ಅದು ಕೇಳಿತು. 'ಡಿ' ಒತ್ತಿದ. ಅಪ್ಪ ಬಾಗಿಲ ಬಳಿಯೇ ನಿಂತಿದ್ದರು, ಮಗನನ್ನು ಬೈದಿರಲಿಲ್ಲ.

ಸಿ ಡ್ರೈವ್ ಮರಳಿದ ಕೂಡಲೇ ಬರಹವನ್ನೆಲ್ಲ ಹೊರಗೆ ತೆಗೆದರು. ಎರಡು ವರ್ಷದ ನೆನಪು 1.44 ಎಂಬಿಯ ಒಂದೇ ಫ್ಲಾಪಿಯಲ್ಲಿ ಹಿಡಿದು, ಇನ್ನೂ ಜಾಗ ಉಳಿಯಿತು. ಮರುದಿನ ಅದು ಅಪ್ಪನ ಊಟದ ಡಬ್ಬಿಯ ಚೀಲದಲ್ಲಿ ಫೋರ್ಟಿಗೆ ಹೋಯಿತು.