ಸರಪಳಿಗೆ ಎಣ್ಣೆ

ಮಿರಗದ ಮಳೆಗೆ ಇನ್ನು ಎಂಟು ದಿನ ಇದೆ ಅನ್ನುವಾಗ ಬರುವ ಶನಿವಾರ, ಬಳಗಾನೂರಿನಲ್ಲಿ ಹಳೇ ಮಾಳಿಗೆ ಮನೆ ಇಟ್ಟುಕೊಂಡ ಗಂಡಸರಿಗೆ ರಜೆಯಲ್ಲ. ಬೆಳಿಗ್ಗೆ ಚಹಾದ ಬಸಿ ಕೆಳಗಿಡುವಷ್ಟರಲ್ಲಿ ಮನೆಯವಳು ಕೆಲಸ ಹೇಳಿ ಮುಗಿಸಿದ್ದಳು. "ಮಾಳಿಗಿ ಸೋರತೈತಿ, ನಲ್ಲಿ ಸೋರತೈತಿ, ನಿಮ್ಮ ಗಾಡಿನೂ ಸೋರತೈತಿ. ಯಾವುದನ್ನ ಮೊದಲು ಹಿಡೀತೀರೋ ನಿಮಗ ಬಿಟ್ಟಿದ್ದು ನೋಡ್ರಿ."

ನಾನು ಗಾಡಿಯನ್ನು ಹಿಡಿದೆ. ಬಿಸಿಲೇರಿದ ಮೇಲೆ ಮಾಳಿಗೆ ಹತ್ತಲಾಗದು ಎಂಬ ನೆಪ ಇತ್ತು. ರಾಯಚೂರು ಸೀಮೆಯ ಬಿಸಿಲು ನಮ್ಮಂಥ ಮೈಗಳ್ಳರಿಗೆ ಮಾಡಿರುವ ಉಪಕಾರ ಸಣ್ಣದಲ್ಲ.

ಗಾಡಿ ಅಂದರೆ ಅಪ್ಪ 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಅಪ್ಪ ಹೋದ ಮೇಲೆ ದನದ ಕೊಟ್ಟಿಗೆಯಲ್ಲಿ ಗೋದಲಿಯ ಪಕ್ಕ ನಿಂತಿತ್ತು. ಕೋಳಿಗಳು ಸೀಟಿನ ಮೇಲೆ ಸಂಸಾರ ಹೂಡಿದ್ದವು. ಮೂರು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಅದರ ಒಂದೊಂದು ಅಂಗ ಬಿಚ್ಚುತ್ತಿದ್ದೇನೆ. ಬಿಚ್ಚಿದ್ದಕ್ಕೆ ಹೋಲಿಸಿದರೆ ಕೂಡಿಸಿದ್ದು ಕಡಿಮೆ.

ನಮ್ಮಲ್ಲಿ ಜಾವಾ, ಯೆಜ್ಡಿ ಎಂದರೆ ವಿಲಾಯತಿ ಗಾಡಿ ಎಂದೇ ಹಲವರು ತಿಳಿದಿದ್ದರು. ಬೇರು ಜೆಕೊಸ್ಲೊವಾಕಿಯಾದ್ದು ನಿಜ, ಆದರೆ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೈಸೂರಿನ ನುಣ್ಣನೆಯ ರಸ್ತೆಗೆ ಒಪ್ಪುವ ಈ ಗಾಡಿ ನಮ್ಮ ಎರೆಮಣ್ಣಿನಲ್ಲಿ ಪಟ್ಟ ಪಾಡು ಬೇರೆ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಅದನ್ನು ಕೆರೆಯಲು ಅಪ್ಪ ಸದಾ ಒಂದು ಜಾಲಿ ಕಟ್ಟಿಗೆ ಸಿಕ್ಕಿಸಿಕೊಂಡಿರುತ್ತಿದ್ದ. ಕಂಪನಿ ಕೊಟ್ಟ ಪಾನಾ ಪಕ್ಕಡ ಎಲ್ಲಾ ಕಳೆದುಹೋಗಿವೆ. ಆ ಕಟ್ಟಿಗೆ ಮಾತ್ರ ಇದೆ.

ಶನಿವಾರದ ಮೊದಲ ಕೆಲಸ ಸೀಮೆಎಣ್ಣೆ ಬಟ್ಟೆಯಿಂದ ಇಂಜಿನ್ ಒರೆಸುವುದು. ಆರ್‌ಸಿ ನವೀಕರಣಕ್ಕೆ ಇಂಜಿನ್ ನಂಬರ್ ಕಾಣಲೇಬೇಕು. ನಲವತ್ತು ವರ್ಷದ ಜಿಡ್ಡು, ಅದರ ಮೇಲೆ ಧೂಳು, ಮತ್ತೆ ಜಿಡ್ಡು. ಒರೆಸುತ್ತ ಒರೆಸುತ್ತ ಮೊದಲ ಅಂಕಿ ಮೂಡಿದಾಗ ನನಗೆ ನಮ್ಮ ಮಸ್ಕಿಯ ಗುಡ್ಡ ನೆನಪಾಯಿತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್‌ಗೆ ಅಲ್ಲಿ ಶಾಸನ ಸಿಕ್ಕಿತು. ತನ್ನ ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆದುಕೊಂಡ ರಾಜನ ಸ್ವಂತ ಹೆಸರು, ಅಶೋಕ, ಆ ಶಾಸನಗಳಲ್ಲಿ ಮೊದಲು ಕಂಡದ್ದು ಅಲ್ಲೇ. ಚಕ್ರವರ್ತಿಯ ಹೆಸರು ಹೊರಬರಲು ಎರಡು ಸಾವಿರ ವರ್ಷ ಹಿಡಿದಿದ್ದರೆ ನನ್ನ ಇಂಜಿನ್ ನಂಬರಿಗೆ ಎರಡು ಗಂಟೆ ದೊಡ್ಡದಲ್ಲ. ಇದನ್ನು ಅಡುಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿಯೇ ಹೇಳಿದೆ. "ನಲ್ಲಿ?" ಎಂದು ಒಂದೇ ಮಾತು ಬಂತು.

ಮಧ್ಯಾಹ್ನ ಚೈನ್ ಕವರ್ ಬಿಚ್ಚಿದೆ. ಒಳಗೆ ಸರಪಳಿ ತುಕ್ಕು ಹಿಡಿದು ಹಾವಿನ ಪೊರೆಯಂತೆ ಬಿಗಿದುಕೊಂಡಿತ್ತು. ಅಪ್ಪನ ಕೊನೆಯ ವರ್ಷಗಳಲ್ಲಿ ಯಾರೂ ಎಣ್ಣೆ ತೋರಿಸಿರಲಿಲ್ಲ. ಯಾರೂ ಅಂದರೆ ನಾನು. ಕೊಂಡಿಕೊಂಡಿಗೂ ಎಣ್ಣೆ ಬಿಡುತ್ತ ಕೂತಾಗ ಈ ಭಾಗದವರು ಯಾರೂ ಮರೆಯದ ಇನ್ನೊಂದು ಸರಪಳಿ ಕಣ್ಣ ಮುಂದೆ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರನ್ನೇ ನೆಚ್ಚಿ ಭತ್ತ ನಾಟಿದ ನಾವು ಆ ವಾರ ಸರಿಯಾಗಿ ಉಂಡಿಲ್ಲ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅವರ ಹೆಸರು ಊರೂರಿನ ಕಟ್ಟೆಯ ಮೇಲೂ ಓಡಾಡಿತು, ಓಡಾಡಬೇಕಾದದ್ದೇ. ಆದರೆ ಅಲ್ಲಿರುವ ಗೇಟು ಒಟ್ಟು 33. ಉಳಿದ 32 ಗೇಟುಗಳ ಹರಿಯದ ಸರಪಳಿಗೆ ಎಣ್ಣೆ ಬಿಟ್ಟ ಕೈ ಯಾರದೋ, ನಮ್ಮ ಕಟ್ಟೆಯ ಮೇಲೆ ಯಾರೂ ಕೇಳಲಿಲ್ಲ.

ನಾನು ಒಂದು ಗಾಡಿ ಬಿಚ್ಚಿ ಕೂತರೆ ಓಣಿಯ ಹುಡುಗರೆಲ್ಲ ಸುತ್ತ ನಿಲ್ಲುತ್ತಾರೆ, "ಭಾರಿ ಹವ್ಯಾಸ ಐತ್ರಿ ಸರ್" ಎನ್ನುತ್ತಾರೆ. ಗಾಡಿಗಿಂತ ಎರಡು ಪಟ್ಟು ವಯಸ್ಸಾದ ಈ ಮನೆಯನ್ನು ದಿನಾ ಗುಡಿಸಿ, ಸಾರಿಸಿ, ಗೆದ್ದಲು ಕೆರೆದು ನಿಲ್ಲಿಸಿಕೊಂಡವಳ ಸುತ್ತ ಇಷ್ಟು ವರ್ಷದಲ್ಲಿ ಒಬ್ಬನೂ ನಿಂತಿಲ್ಲ. ಸರಕಾರಕ್ಕೂ ಗಾಡಿಯ ಮೇಲೆಯೇ ಪ್ರೀತಿ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಪದವಿ ಉಂಟು, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಬೇರೆ ಅಕ್ಷರ ಉಂಟು. ನಮ್ಮ ಯೆಜ್ಡಿಗೆ ಆ ಭಾಗ್ಯ 2034ಕ್ಕೆ. ಮಾಳಿಗೆಗೆ ಯಾವ ಅಕ್ಷರವೂ ಇಲ್ಲ.

ಭಾನುವಾರ ಹೊತ್ತು ಮೂಡುವ ಮೊದಲೇ ಮಾಳಿಗೆ ಹತ್ತಿದೆ. ಅವಳು ಕೆಳಗಿನಿಂದ ಬುಟ್ಟಿ ಎತ್ತಿಕೊಟ್ಟಳು, ನಾನು ಸವುಳು ಮಣ್ಣು ಹರವಿ ಬಡಿದೆ. ಜಂತಿಯೊಂದು ಮೆತ್ತಗಾಗಿದ್ದು ಕಾಲಿಗೆ ಗೊತ್ತಾಯಿತು. ಕಳೆದ ವರ್ಷವೇ ಹೇಳಿದ್ದೆ ಎಂದಳು. ಹೇಳಿದ್ದು ನಿಜ.

ಸಂಜೆ ಪೆಟ್ರೋಲಿಗೆ ಲೀಟರಿಗೆ 40 ಮಿಲಿಯಂತೆ ಆಯಿಲ್ ಬೆರೆಸಿ ಸುರಿದೆ. ಯೆಜ್ಡಿಯಲ್ಲಿ ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಸನ್ನೆ. ಒತ್ತಿ ಹಿಂದಕ್ಕೆ ಎತ್ತಿದರೆ ಕಿಕ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಿಟ್ಟರೆ ಅದೇ ಗೇರ್. ಹದಿನೇಳನೆಯ ಕಿಕ್ಕಿಗೆ ಎರಡೂ ಸೈಲೆನ್ಸರಿನಿಂದ ಹೊಗೆ ಬಂತು, ಹಿಂದೆಯೇ ಆ ಟಪಟಪ ಸದ್ದು. ಕೋಳಿಗಳು ಓಡಿದವು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದವಳು ಜೋಳದ ಡಬ್ಬಿಯನ್ನು ಸೀಟಿನ ಮೇಲಿಟ್ಟಳು. "ಹೆಂಗೂ ಚಾಲೂ ಆಗೈತಲ್ಲ, ಗಿರಣಿಗೆ ಹೋಗಿ ಬೀಸಿಸಿಕೊಂಡು ಬರ್ರಿ. ಬರುವಾಗ ನಲ್ಲಿ ವಾಶರ್."

ಹಿಟ್ಟು ಬಂತು. ವಾಶರ್ ಅಂಗಡಿ ಮುಚ್ಚಿತ್ತು.

ಇನ್ನು ಎಡಗಡೆಯ ಸೈಡ್ ಪ್ಯಾನೆಲ್ ಒಂದು ಸಿಕ್ಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹುಡುಕಿದ್ದೇನೆ. ನಿಮ್ಮ ಅಟ್ಟದ ಮೇಲೋ ಹಿತ್ತಲಲ್ಲೋ ರೋಡ್‌ಕಿಂಗಿನದು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಒಂದು ಮಾತು ತಿಳಿಸಿ. ಬಣ್ಣ ಯಾವುದಾದರೂ ನಡೆಯುತ್ತದೆ.