ಗೌತಮಪುರದ ಗೆರೆಯಾಚೆ

ಬೆಂಗಳೂರಿನ ಹಲಸೂರಿಗೆ ಹತ್ತಿಕೊಂಡಿರುವ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ಇದೆ. ಇಲ್ಲಿ ಫುಟ್‌ಬಾಲ್ ಅಜ್ಜನಿಂದ ಮೊಮ್ಮಗನಿಗೆ ಬಂದ ಬಳುವಳಿ.

ಈ ಭಾಗದಲ್ಲಿ ಶಾಲಾ ಪಂದ್ಯ ನಡೆದರೆ ಗೆರೆಯಾಚೆ ನಿಂತವರನ್ನೂ ನೋಡಬೇಕು. ಅಂಥದೊಂದು ಸಂಜೆ. ಎರಡೂ ತಂಡಗಳದು 1–1ರ ಸಮಬಲ. ಪೆನಾಲ್ಟಿ ಒದೆತಗಳ ಸರದಿ. ಚೆಂಡಿಗೂ ಗೋಲಿಗೂ ನಡುವೆ 11 ಮೀಟರು ಮಾತ್ರ. ಕೊನೆಯ ಒದೆತಕ್ಕೆ ಹೊರಟ ಹುಡುಗನ ತಾಯಿ ಅವನ ಪುಸ್ತಕದ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಾರೆ. ಸುತ್ತಲಿನವರು ‘ಎಡಕ್ಕೆ ಹೊಡಿ, ಎಡಕ್ಕೆ’ ಎಂದು ಕೂಗುತ್ತಿದ್ದರೂ ಆಕೆಯ ಬಾಯಿಂದ ಮಾತೇ ಹೊರಡದು. ಹುಡುಗ ಓಡಿ ಬಂದು ಒದೆಯುತ್ತಾನೆ. ಚೆಂಡು ಕಂಬಕ್ಕೆ ಬಡಿದು ಆಚೆ ಸಿಡಿಯುತ್ತದೆ. ಪಂದ್ಯ ಕೈತಪ್ಪಿತು.

‘ಒಲಿಂಪಿಕ್ಸ್‌ನಲ್ಲೇ ತಪ್ಪಿದೆ ಕಣಮ್ಮ, ಇವನಿನ್ನೂ ಮಗು’ ಎನ್ನುತ್ತಾರೆ ಪಕ್ಕದ ಹಿರಿಯರೊಬ್ಬರು.

ಅವರ ಮಾತು ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ ಫ್ರಾನ್ಸ್‌ಗೆ 1–2ರಿಂದ ಸೋತಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ತಪ್ಪಿದ ಒದೆತಗಳಿಗಾಗಿ ಆ ತಂಡವನ್ನು ಯಾರೂ ಹಳಿಯುವುದಿಲ್ಲ. ಅದರ ಹೆಸರು ಹೇಳಿಯೇ ಇಲ್ಲಿನ ಮಕ್ಕಳಿಗೆ ಹುರುಪು ತುಂಬುತ್ತಾರೆ.

ಮರುದಿನ ಸಂಜೆ ಅದೇ ಕಂಬದ ಮುಂದೆ ಹುಡುಗರು ಮತ್ತೆ ಸಾಲುಗಟ್ಟುತ್ತಾರೆ. ಸೋತ ನೆಪಕ್ಕೆ ಮನೆಯವರು ಬಾಗಿಲಲ್ಲಿ ತಡೆಯದಿದ್ದರೆ ಸಾಕು, ಉಳಿದದ್ದನ್ನು ಮೈದಾನವೇ ಕಲಿಸುತ್ತದೆ.