ಹೊಲದಲ್ಲಿ ದೊರೆತ ಸೀಸದ ಗುಂಡು

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಶೇಂಗಾ ಕೀಳುವಾಗ ನಮ್ಮ ಸೊಸೆಯ ಜುಮುಕಿಯೊಂದು ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಲೆಂದು ಅಣ್ಣನವರ ಮಗನು ಗೆಳೆಯನೊಬ್ಬನಿಂದ ಲೋಹಶೋಧಕ ಯಂತ್ರವನ್ನು ತಂದನು. ಎರಡು ದಿನ ತಿರುಗಿದರೂ ಮೊಳೆ, ಎತ್ತಿನ ಲಾಳ, ಮುರಿದ ಕುಡಗೋಲುಗಳ ಹೊರತು ಏನೂ ಸಿಗಲಿಲ್ಲ. ಮೂರನೆಯ ದಿನ ಬದುವಿನ ಬಳಿ ಯಂತ್ರ ಕೂಗಿತು. ಗೇಣುದ್ದ ಅಗೆದಾಗ ದೊರೆತದ್ದು ಹೆಬ್ಬೆರಳ ತುದಿಯಷ್ಟು ಗಾತ್ರದ, ಬಿಳಿಯ ಪೊರೆ ಕಟ್ಟಿದ, ಗಾತ್ರಕ್ಕೆ ಮೀರಿ ತೂಗುವ ಸೀಸದ ಗುಂಡು.

ನಮ್ಮ ಹೊಲ ಕಿತ್ತೂರಿಗೆ ಬಹಳ ದೂರವೇನಲ್ಲ. ಮನೆತನದ ಹಿರಿಯರೊಬ್ಬರು 1824ರಲ್ಲಿ ರಾಣಿ ಚೆನ್ನಮ್ಮನವರ ಪಕ್ಷದಲ್ಲಿ ಹೋರಾಡಿದರೆಂದು ಅಜ್ಜನವರು ಹೇಳುತ್ತಿದ್ದರು. ಅದಕ್ಕೆ ಕಾಗದಪತ್ರವೊಂದೂ ಉಳಿದಿಲ್ಲ. ಹೀಗಾಗಿ ಅಣ್ಣನವರಿಗೆ ಆ ಗುಂಡು ದೇವರೇ ಕಳುಹಿಸಿದ ಸಾಕ್ಷಿಯಾಗಿ ತೋರಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದ ಅಕ್ಟೋಬರ್ 23ರಂದು ಅದನ್ನು ಶಾಲೆಯ ಮಕ್ಕಳಿಗೆ ತೋರಿಸುವುದಾಗಿ ಮುಖ್ಯೋಪಾಧ್ಯಾಯರಿಗೆ ಮಾತನ್ನೂ ಕೊಟ್ಟುಬಿಟ್ಟರು.

ವೈನಿಯವರು ಹಿತ್ತಾಳೆಯ ಚರಿಗೆಯಂತೆ ಅದನ್ನು ಹುಣಸೆಹಣ್ಣಿನಿಂದ ತಿಕ್ಕಲು ಹೊರಟಿದ್ದರು. ನಾವು ತಡೆದೆವು. ಹುಳಿಯು ಸೀಸವನ್ನು ತಿನ್ನುತ್ತದೆ, ಗುರುತುಗಳು ಅಳಿಯುತ್ತವೆ. ಮೇಲಾಗಿ ಸೀಸ ವಿಷಲೋಹ. ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂಡಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು. ಬರಿಯ ನೀರಿನಲ್ಲಿ ಮಣ್ಣು ಕಳೆದು ಪತ್ತಾರರ ಅಂಗಡಿಗೆ ಒಯ್ದೆವು.

ತಕ್ಕಡಿಯಲ್ಲಿ 33 ಗ್ರಾಂ ತೂಗಿತು. ಅಣ್ಣನವರು ಹಿಗ್ಗಿದರು, ಕಂಪನಿ ಸರಕಾರದ ಸೈನಿಕರ ಮಸ್ಕೆಟ್ ಗುಂಡೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ಆದರೆ ಅದು ಗೋಲಿಯಂತೆ ದುಂಡಗಿದ್ದು, ಅಡ್ಡಳತೆ 17 ಮಿಲಿಮೀಟರಿಗೂ ಮಿಗಿಲು. ನಮ್ಮದು 14 ಮಿಲಿಮೀಟರನ್ನು ತುಸುವೇ ಮೀರಿತ್ತು. ಮೂತಿ ಜಜ್ಜಿದ್ದರೂ ಉದ್ದನೆಯ ಆಕಾರ ಸ್ಪಷ್ಟವಾಗಿತ್ತು. ಬುಡದಲ್ಲಿ ಬಟ್ಟಲಿನಂತಹ ಕುಳಿ.

ಗುಟ್ಟೆಲ್ಲ ಆ ಕುಳಿಯಲ್ಲಿತ್ತು. ಇಂತಹ ಗುಂಡು ನಳಿಗೆಯೊಳಗೆ ಸಡಿಲವಾಗಿ ಇಳಿಯುತ್ತದೆ. ಮದ್ದು ಸಿಡಿದೊಡನೆ ಬುಡ ಅರಳಿ, ನಳಿಗೆಯ ಸುರುಳಿಗೆರೆಗಳನ್ನು ಕಚ್ಚಿ, ತಿರುತಿರುಗುತ್ತ ಹೊರಬೀಳುತ್ತದೆ. ಫ್ರಾನ್ಸಿನ ಸೇನಾಧಿಕಾರಿ ಮಿನಿಯೇ ಎಂಬವನು 1840ರ ದಶಕದ ಕೊನೆಗೆ ಇದನ್ನು ರೂಪಿಸಿದನು. ಇಂಗ್ಲಿಷರು ಮಾರ್ಪಡಿಸಿ 1853ರ ಎನ್‌ಫೀಲ್ಡ್ ಬಂದೂಕಿಗೆ ಬಳಸಿದರು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ತೋಟಾ ಈ ಬಂದೂಕಿನದೇ. ಅದರ ನಳಿಗೆಯಲ್ಲಿ ಮೂರು ಗೆರೆಗಳು. ನಮ್ಮ ಗುಂಡಿನ ಮೈಮೇಲೂ ಮಸುಕಾದ ಮೂರು ಗುರುತುಗಳು. ಬೆಳಗಾವಿಯಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿತ್ತಲ್ಲ, ಗುರಿ ತಪ್ಪಿದ ಯಾವನೋ ಬೇಟೆಗಾರನದೂ ಇದ್ದೀತು. ರಾಣಿಯವರಂತೂ 1829ರಲ್ಲಿಯೇ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾಗಿದ್ದರು.

ಇದನ್ನು ಅಣ್ಣನವರಿಗೆ ಹೇಳಲು ನಾಲ್ಕು ದಿನ ಹಿಂಜರಿದೆವು. ಹೇಳಿದಾಗ ಅವರು ಗುಂಡನ್ನು ಬಹಳ ಹೊತ್ತು ಹೊರಳಿಸಿ ನೋಡಿದರು. "ಹಂಗಾರ ಅಜ್ಜ ಸುಳ್ಳ ಹೇಳಿದ್ನೇನು?" ಎಂದರು. ಗುಂಡು ಬೇರೆ, ಅಜ್ಜನವರ ಮಾತು ಬೇರೆ ಎಂದು ತಿಳಿಯಹೇಳಿದೆವು. ಅವರು ಉತ್ತರಿಸಲಿಲ್ಲ, ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಶಾಲೆಗೆ ಹೋಗಲಾರರೆಂದೇ ನಾವು ತಿಳಿದಿದ್ದೆವು. ಆದರೆ ಅಂದು ಬೆಳಿಗ್ಗೆ ಗುಂಡನ್ನು ಗಾಜಿನ ಭರಣಿಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. "ಇದು ನಮ್ಮ ರಾಣಿಯ ಕಾಲದ್ದಲ್ಲ" ಎಂದೇ ಮಾತು ತೆಗೆದು, ಬುಡದ ಕುಳಿಯನ್ನು ಮಕ್ಕಳಿಗೆ ಒಬ್ಬೊಬ್ಬರಾಗಿ ತೋರಿಸಿದರು. ಅಜ್ಜನವರ ಮಾತನ್ನೂ ಹೇಳಿದರು, ಅಜ್ಜ ಹೇಳಿದ್ದೆಂದೇ ಹೇಳಿದರು.

ಜುಮುಕಿ ದೀಪಾವಳಿಯ ಹೊತ್ತಿಗೆ ಬೀಜದ ಶೇಂಗಾ ಚೀಲದಲ್ಲಿ ದೊರೆಯಿತು.